ಹೆಸರಿಲ್ಲದ ರೊಕ್ಕ ಹಡಗು ಹತ್ತಂಗಿಲ್ಲ

ಹೋದ ಸೋಮವಾರ ಸಂಜಿ ಮುಂದ ನಮ್ಮ ಮನಿ ಕಟ್ಟಿ ಮ್ಯಾಲೆ ಹಸಿ ಶೇಂಗಾ ಬಿಡಸ್ಕೋತ ಕುಂತಿದ್ವಿ. ನಮ್ಮಕ್ಕನ ಮಗಳು ದಾವಣಗೆರಿಯಿಂದ ಬಂದಿದ್ಲು. ಹೋದ ವರ್ಷ ದಸರಾ ರಜಾದಾಗ ಆಕಿ, ಆಕಿ ಗಂಡ ಮುಂಬೈಯಿಂದ ಗೋವಾಕ್ಕ ದೊಡ್ಡ ಹಡಗಿನ್ಯಾಗ ಹೋಗಿ ಬಂದಿದ್ರಲ್ಲ, ಅದರ ವಿಡಿಯೊ ಫೋನಿನ್ಯಾಗ ತೋರಿಸಿದ್ಲು. ಹತ್ತಂತಸ್ತಿನ ಬಿಲ್ಡಿಂಗು ನೀರಿನ ಮ್ಯಾಲೆ ನಿಂತಂಗ ಐತಿ. ಒಳಗ ಊಟದ ಹಾಲು, ಕುಣಿಯೋ ಹಾಲು, ಮ್ಯಾಲೆ ಈಜೋ ಹೊಂಡ. ಸುತ್ತ ನೋಡಿದಷ್ಟೂ ನೀರು.

ಎಲ್ಲಾರೂ ಬಾಯಿ ಬಿಟ್ಕೊಂಡು ನೋಡಿದ್ರು. ಆಮ್ಯಾಲೆ ಪಕ್ಕದ ಮನಿ ಅಕ್ಕ ಶೇಂಗಾ ಸಿಪ್ಪಿ ಝಾಡಿಸಿಕೊಂಡು, "ರೊಕ್ಕ ಇದ್ದೋರ ಆಟ ಬಿಡವ್ವ" ಅಂದ್ಲು. ಎಲ್ಲಾರೂ ಹೌದೌದು ಅಂದ್ರು. ನಮ್ಮ ಅತ್ತಿ ಒಬ್ಬರ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮ್ಯಾಲೆ, "ಇದು ಸಿಗಂದೂರು ಲಾಂಚಿಗಿಂತ ದೊಡ್ಡದೇನ?" ಅಂತ ಕೇಳಿದ್ರು.

ಪಕ್ಕದ ಮನಿ ಅಕ್ಕ ಅಂದ ಮಾತು ಮತ್ತ ನಮ್ಮ ಅತ್ತಿ ಕೇಳಿದ ಮಾತು, ಎರಡೂ ನನ್ನ ತಲ್ಯಾಗ ಉಳಿದುಬಿಟ್ವು. ಅದಕ್ಕ ಇವತ್ತು ಅಡಿಗಿ ವಿಷಯ ಬ್ಯಾಡ, ರೊಕ್ಕದ ವಿಷಯ ಮಾತಾಡೋಣ.

ಮೊದಲು ಒಂದು ಮಾತು. ನಮ್ಮಕ್ಕನ ಮಗಳು ಸಾಹುಕಾರ್ತಿ ಅಲ್ಲ. ಖಾಸಗಿ ಶಾಲ್ಯಾಗ ಟೀಚರ್. ಬಾಡಿಗಿ ಮನಿ. ಪಗಾರ ಬಂದ ದಿನ ಎಲ್ಲಕ್ಕಿಂತ ಮೊದಲು ಎರಡೂವರಿ ಸಾವಿರ ಎತ್ತಿ ಬ್ಯಾರೆ ಖಾತೆಗೆ ಹಾಕ್ತಾಳ. ಆ ಖಾತೆಗೆ ಆಕಿ ಇಟ್ಟ ಹೆಸರೇ "ಹಡಗು". ಎರಡು ವರ್ಷಕ್ಕ ಅರವತ್ತು ಸಾವಿರ. ಇಬ್ಬರಿಗೆ ರೈಲು, ಹಡಗು ಎಲ್ಲಾ ಸೇರಿ ಆಕಿಗೆ ಬಿದ್ದ ಖರ್ಚು ಹತ್ತಿರ ಹತ್ತಿರ ಅಷ್ಟ. ಬಂದ ತಿಂಗಳದಿಂದಲೇ ಮತ್ತ ಹಾಕಾಕ ಶುರು ಮಾಡ್ಯಾಳ.

ಈಗ ನಮ್ಮ ಕಟ್ಟಿ ಮ್ಯಾಲೆ ಕುಂತ ಐದಾರು ಮಂದ್ಯಾಗ ಎರಡು ವರ್ಷಕ್ಕ ಅರವತ್ತು ಸಾವಿರ ಉಳಿಸದವರು ಯಾರಿದ್ರು? ಒಬ್ಬಾಕಿ ಮಗನ ಬೈಕಿಗೆ ಮುಂಗಡ ಕೊಟ್ಟಾಳ. ಒಬ್ಬಾಕಿ ಮಗಳ ಕುಬಸಕ್ಕ ಖರ್ಚು ಮಾಡ್ಯಾಳ. ಒಬ್ಬಾಕಿ ಸಂಘದಾಗಿನ ಉಳಿತಾಯ ಪೂರ್ತಿ ತೆಗೆದು ಟ್ರ್ಯಾಕ್ಟರ್ ಕಂತು ಕಟ್ಟ್ಯಾಳ. ಉಳಿಸಾಕ ಬರದವರು ಯಾರೂ ಇಲ್ಲ. ಉಳಿಸಿದ್ದಕ್ಕ ಹೆಸರಿಡದವರೇ ಎಲ್ಲಾರೂ. ನಾ ಹೇಳಬೇಕಂತಿರೋದು ಇಷ್ಟ: ಹೆಸರಿಲ್ಲದ ರೊಕ್ಕ ಎಲ್ಲಾರ ರೊಕ್ಕ. ಹೆಂಗಸು ತನ್ನ ತಿರುಗಾಟಕ್ಕ ಕೂಡಿಸೋ ರೊಕ್ಕಕ್ಕ ಹೆಸರಿಡಬೇಕು, ಆ ಹೆಸರು ಮನಿ ಮಂದಿಗೆಲ್ಲಾ ಕೇಳಂಗ ಹೇಳಬೇಕು.

ಇದು ನನಗ ಗೊತ್ತಾಗಿದ್ದು ನಮ್ಮ ಅತ್ತಿಯಿಂದ.

2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ನಡಿಯಂಗಿಲ್ಲ ಅಂದಾಗ ಎಷ್ಟು ಮನ್ಯಾಗ ಸಾಸಿವಿ ಡಬ್ಬಿ, ಅಕ್ಕಿ ಡಬ್ಬಿ, ದೇವರ ಜಗಲಿ ಹಿಂದಿನ ಗಂಟು ಹೊರಗ ಬಂದ್ವು ನೆನಪೈತಿ ಅಲ್ಲ? ಡಿಸೆಂಬರ್ 30ರ ಒಳಗ ಬ್ಯಾಂಕಿಗೆ ಕಟ್ಟಬೇಕಿತ್ತು. ನಮ್ಮ ಅತ್ತಿ ಟ್ರಂಕಿನ ತಳದಾಗ, ಮದುವಿ ಸೀರಿ ಮಡಿಕಿ ಒಳಗ ಇಪ್ಪತ್ತಮೂರೂವರಿ ಸಾವಿರ ಇಟ್ಟಿದ್ರು. ಹಾಲು ಮಾರಿದ್ದು, ಹುಣಸಿಹಣ್ಣು ಕುಟ್ಟಿ ಮಾರಿದ್ದು, ತವರಿಗೆ ಹೋದಾಗ ಅಣ್ಣ ಕೈಯಾಗ ಇಟ್ಟಿದ್ದು. ಎಷ್ಟು ವರ್ಷದ್ದೋ ಏನೋ. ಅಳುಕಿಂದ ತಂದು ಮಗನ ಮುಂದ ಇಟ್ರು. ಮನ್ಯಾಗ ಎಲ್ಲಾರೂ ನಕ್ಕರು, "ಅವ್ವ ನಮಗಿಂತ ಸಾಹುಕಾರ್ತಿ" ಅಂದ್ರು. ಬ್ಯಾಂಕಿಗೆ ಕಟ್ಟಿದ್ವಿ. ಮುಂದಿನ ಬ್ಯಾಸಿಗ್ಯಾಗ ಹೊಲದಾಗ ಬೋರ್ ಹಾಕಿಸುವಾಗ ಕಡಿಮಿ ಬಿದ್ದಿದ್ದಕ್ಕ ಆ ರೊಕ್ಕ ಹೋತು. ಬೋರಿಗೆ ನೀರು ಬರಲಿಲ್ಲ.

ಅವರು ಒಂದು ಮಾತೂ ಆಡಲಿಲ್ಲ. ನಾನೂ ಕೇಳಲಿಲ್ಲ. ಮನಿಗಾಗಿ ಇಟ್ಟಿದ್ದು, ಮನಿಗೆ ಹೋತು ಅಂದ್ಕೊಂಡೆ.

ಅದು ಯಾತಕ್ಕ ಇಟ್ಟಿದ್ರು ಅಂತ ಗೊತ್ತಾಗಿದ್ದು 2024ರ ಫೆಬ್ರವರಿಯಾಗ. ನಾವು ಐದು ಮಂದಿ ಹೆಂಗಸರು, ಜೊತಿಗೆ ನಮ್ಮ ಅತ್ತಿ, ಸಿಗಂದೂರು ಚೌಡೇಶ್ವರಿಗೆ ಹೋಗಿದ್ವಿ. ಆಗ ಸೇತುವೆ ಆಗಿರಲಿಲ್ಲ. ಹೊಳೆಬಾಗಿಲಾಗ ಬಸ್ಸು, ಜೀಪು, ಮಂದಿ ಎಲ್ಲಾ ಲಾಂಚ್ ಹತ್ತಬೇಕಿತ್ತು. ಲಾಂಚ್ ನಡು ನೀರಿಗೆ ಬಂದಾಗ ಅತ್ತಿ ಕಂಬಿ ಹಿಡ್ಕೊಂಡು ನಿಂತು, "ಇದೇನ ಸಮುದ್ರ?" ಅಂದ್ರು. ಅಲ್ಲ ಅತ್ತಿ, ಇದು ಶರಾವತಿ ಹಿನ್ನೀರು, ಲಿಂಗನಮಕ್ಕಿಗೆ ಅಣೆಕಟ್ಟಿ ಕಟ್ಟಿದ್ದಕ್ಕ ನಿಂತ ನೀರು ಅಂದೆ. ಆಗ ಅಂದ್ರು: "ಸಮುದ್ರ ನೋಡಬೇಕಂತ ರೊಕ್ಕ ಇಟ್ಟಿದ್ದೆ. ಬೋರಿಗೆ ಹೋತಲ್ಲ."

ನನಗ ಆ ನೀರಿನ ನಡುವ ಏನು ಹೇಳಬೇಕೋ ತಿಳಿಲಿಲ್ಲ. ಯಾರೂ ಅವರ ರೊಕ್ಕ ಕದ್ದಿರಲಿಲ್ಲ. ಕೇಳಿ ತಗೊಂಡಿದ್ರು, ಅವರೂ ಹೂಂ ಅಂದಿದ್ರು. ಆದ್ರ "ಇದು ನಾ ಸಮುದ್ರ ನೋಡಾಕ ಇಟ್ಟ ರೊಕ್ಕ" ಅಂತ ಅವರು ಒಂದು ಸಲ ಹೇಳಿದ್ರ, ನಮ್ಮ ಮನಿಯವರು ಅಷ್ಟು ಸಲೀಸಾಗಿ ಬೋರಿಗೆ ಹಾಕ್ತಿದ್ರೇನು? ನನಗಂತೂ ಹಂಗ ಅನಸಂಗಿಲ್ಲ. ಹೇಳಾಕ ನಾಚಿಕಿ. ಹೆಂಗಸಿಗೆ ಸಮುದ್ರ ಯಾಕ ಬೇಕು ಅಂತ ಕೇಳಿದ್ರ ಉತ್ತರ ಇಲ್ಲ. ದೇವರ ಹೆಸರು ಹೇಳಿದ್ರ ನಡಿತೈತಿ, ಡಾಕ್ಟರ ಹೆಸರು ಹೇಳಿದ್ರ ನಡಿತೈತಿ. ಸುಮ್ಮನ ನೋಡಾಕ ಹೋಗ್ತೀನಿ ಅನ್ನೋದು ನಮ್ಮ ಬಾಯಾಗ ಬರಂಗಿಲ್ಲ.

ನಮ್ಮ ಬಾಗಳಿಗೆ ಕಲ್ಲೇಶ್ವರ ಗುಡಿ ನೋಡಾಕ ಎಲ್ಲೆಲ್ಲಿಂದಲೋ ಬರ್ತಾರಲ್ಲ, ಅವರನ್ನ ನೋಡ್ರಿ. ಸಾವಿರ ವರ್ಷದ ಗುಡಿ. ಆ ಕಂಬದ ನುಣುಪು, ಆ ಕೆತ್ತನಿ ನೋಡಾಕ ಅಂತ ಎಪ್ಪತ್ತು ವರ್ಷದ ಪರದೇಶದ ಅಜ್ಜಿ ಬೆನ್ನಿಗೆ ಚೀಲ ಹಾಕ್ಕೊಂಡು ಬರ್ತಾಳ. ಆಕಿಗೆ ಯಾರೂ "ನಿನಗ್ಯಾಕ ಬೇಕಿತ್ತು" ಅನ್ನಂಗಿಲ್ಲ, ಎಳನೀರು ಕೊಡ್ತೀವಿ. ಹೂವಿನ ಹಡಗಲಿ ಹೆಸರು ಹೆಂಗ ಬಂತು ಅಂದ್ರ, ಅಲ್ಲಿಂದ ಹಂಪಿಗೆ ತುಂಗಭದ್ರಾದಾಗ ಹಡಗಿನ ಮ್ಯಾಲೆ ಹೂವು ಹೋಗ್ತಿತ್ತು ಅಂತ ಹಿರೇರು ಹೇಳ್ತಾರ. ಹೂವು ಹಡಗಿನ್ಯಾಗ ಹೋತು. ಬೆಳಕು ಹರಿಯೋಕ ಮುಂಚೆ ಎದ್ದು ಮೊಗ್ಗು ಬಿಡಿಸಿದ ಹೆಂಗಸರು ದಂಡಿ ಮ್ಯಾಲೇ ಉಳಿದ್ರು. ಈಗಲೂ ಹಂಗ ಆಗಬೇಕಾಗಿಲ್ಲ.

ಈಗ ಲೆಕ್ಕಕ್ಕ ಬರೋಣ. ಬರೇ ಮಾತಿನಿಂದ ಹಡಗು ಬರಂಗಿಲ್ಲ.

ನಾನು 2023ರ ಜನವರಿಯಿಂದ ಒಂದು ನೋಟ್‌ಬುಕ್ ಇಟ್ಟೀನಿ. ಮೊದಲನೇ ತಿಂಗಳು ಏನೂ ಉಳಿಸಲಿಲ್ಲ, ಬರೇ ಬರದೆ. ಎಲ್ಲೆಲ್ಲಿ ಹೋಗ್ತೈತಿ ಅಂತ ನೋಡಿದ್ರ ನನಗ ನಾಚಿಕಿ ಬಂತು. ಹುಡುಗರ ಕುರುಕಲು, ತಂಪಿನ ಬಾಟ್ಲಿ, ಬೇಕರಿ ಬಿಸ್ಕಿಟ್ ಸೇರಿ ಒಂಬೈನೂರರ ಮ್ಯಾಲೆ. ಯಾರೂ ಬಳಸದ ಒಂದು ಸಿಮ್ಮಿಗೆ ರಿಚಾರ್ಜ್. ಮನಿ ಬಾಗಿಲಿಗೆ ಬರೋ ಸೀರಿಯಾತನಿಗೆ ತಿಂಗಳ ಕಂತು ಐನೂರು. ಆ ಸೀರಿಗಳನ್ನ ನಾ ಎಷ್ಟು ಸಲ ಉಟ್ಟೀನಿ ಅಂದ್ರ ಎರಡು ಸಲ. ಇನ್ನ ಅಂಗಡಿ ಉದ್ರಿ. ಉದ್ರಿ ಬರೆಸಿ ತಂದ್ರ ಬೇಕಾಗಿದ್ದಕ್ಕಿಂತ ಹೆಚ್ಚು ಬರ್ತೈತಿ, ರೇಟೂ ಕೇಳಂಗಿಲ್ಲ.

ಕುರುಕಲು ಅರ್ಧ ಮಾಡಿದೆ: ಮನ್ಯಾಗ ಮಂಡಕ್ಕಿ ಒಗ್ಗರಣಿ, ಶೇಂಗಾ ಚಿಕ್ಕಿ ಮಾಡಿಟ್ಟೆ. 450 ಉಳಿತು. ಸಿಮ್ಮು ನಿಲ್ಲಿಸಿದೆ: 250. ಹಳೇ ಸೀರಿ ಕಂತು ಮುಗಿಸಿ ಹೊಸದು ಹಿಡಿಲಿಲ್ಲ: 500. ಉದ್ರಿ ಬಿಟ್ಟು ತಿಂಗಳಿಗೊಮ್ಮೆ ಚೀಟಿ ಬರ್ಕೊಂಡು ಹರಪನಹಳ್ಳಿ ಸಂತಿಗೆ ಹೋಗಾಕ ಹತ್ತಿದೆ: 300. ಒಟ್ಟು ತಿಂಗಳಿಗೆ 1,500.

ಇಲ್ಲಿ ಒಂದು ಗಟ್ಟಿ ಮಾತು ಹೇಳ್ತೀನಿ. ನಮ್ಮ ಹೆಂಗಸರು ಉಳಿತಾಯ ಅಂದಕೂಡ್ಲೆ ಮೊದಲು ತಮ್ಮ ತಾಟಿಗೆ ಕೈ ಹಾಕ್ತಾರ. ಹಾಲು ಹುಡುಗರಿಗಿರಲಿ, ನನಗ ಬ್ಯಾಡ. ಬಾಳೆಹಣ್ಣು ಬ್ಯಾಡ. ರಕ್ತ ಕಡಿಮಿ ಐತಿ ಅಂತ ಡಾಕ್ಟರು ಬರೆದ ಗುಳಿಗಿ ಮುಂದಿನ ತಿಂಗಳು ತಗೊಂಡ್ರಾತು. ಹಂಗ ಉಳಿಸಿದ ರೊಕ್ಕ ಉಳಿತಾಯ ಅಲ್ಲ, ಮೈಯಿಂದ ತಗೊಂಡ ಸಾಲ. ಐವತ್ತಕ್ಕ ಮೊಣಕಾಲು ಹಿಡಿದು ಅದು ಬಡ್ಡಿ ಸಮೇತ ವಸೂಲು ಮಾಡ್ತೈತಿ. ಹಡಗಿಗೆ ಹತ್ತಬೇಕಂದ್ರ ಮೆಟ್ಟಿಲು ಹತ್ತೋ ಕಾಲು ಇರಬೇಕಲ್ಲ. ಅದಕ್ಕ ಹಾಲು, ಕಾಳು, ಗುಳಿಗಿ, ಹುಡುಗರ ಫೀ, ಇವುಗಳ ಹತ್ತಿರ ಹೋಗಬ್ಯಾಡ್ರಿ. ಮುಯ್ಯಿನೂ ಬಿಡ್ರಿ ಅನ್ನಂಗಿಲ್ಲ, ನಾವು ಊರಾಗ ಬಾಳೇವು ಮಾಡೋರು. ಆದ್ರ ಮುಯ್ಯಿಯೊಳಗ ಮೇಲಾಟ ಬಿಡಬಹುದು. ಅವರು ಸಾವಿರ ಹಾಕಿದ್ರ ನಾವೂ ಸಾವಿರ ಸಾಕು, ಎರಡು ಸಾವಿರ ಹಾಕಿ ಅವರನ್ನೂ ಸಂಕಟಕ್ಕ ಹಚ್ಚಬ್ಯಾಡ್ರಿ.

ಉಳಿದ 1,500 ಎಲ್ಲಿ ಇಡೋದು? ಡಬ್ಬ್ಯಾಗ ಬ್ಯಾಡ. ಹನಿ ಹನಿ ಕೂಡಿದ್ರ ಹಳ್ಳ ಅಂತಾರ, ನಿಜ. ಆದ್ರ ಹಳ್ಳಕ್ಕ ಒಡ್ಡು ಹಾಕದಿದ್ರ ಆ ನೀರು ಕೆಳಗಿನ ಹೊಲದವರಿಗೆ ಹೋಗ್ತೈತಿ. ನಾ ಎರಡು ಒಡ್ಡು ಹಾಕೀನಿ.

ಒಂದು, ಬ್ಯಾಂಕಿನ್ಯಾಗ ಹನ್ನೆರಡು ತಿಂಗಳ ಆರ್‌ಡಿ. ತಿಂಗಳಿಗೆ 500. ವರ್ಷಕ್ಕ ಆರು ಸಾವಿರ, ಮ್ಯಾಲೆ ಸ್ವಲ್ಪ ಬಡ್ಡಿ. ಇದಕ್ಕ ಹೆಸರು "ವರ್ಷದ ನೀರು". ಪ್ರತಿ ವರ್ಷ ಒಂದು ಹೊಸ ನೀರು ನೋಡಾಕ. ಹಿನ್ನೀರು, ಹೊಳಿ, ಸಮುದ್ರ, ಏನಾದ್ರೂ.

ಎರಡನೇದು, 2024ರ ಜನವರಿಯಿಂದ ಪೋಸ್ಟ್ ಆಫೀಸಿನ್ಯಾಗ ಐದು ವರ್ಷದ ಆರ್‌ಡಿ, ತಿಂಗಳಿಗೆ 1,000. ಇದಕ್ಕ ಹೆಸರು "ಹಡಗು". ಅರವತ್ತು ಕಂತು ಕಟ್ಟಿದ್ರ ನಮ್ಮದು ಅರವತ್ತು ಸಾವಿರ, ನೂರಕ್ಕ 6.7ರ ಬಡ್ಡಿ ಲೆಕ್ಕದಾಗ ಕೈಗೆ ಬರೋದು 71,000ದ ಮ್ಯಾಲೆ. ಪೋಸ್ಟಿನ್ಯಾಗ ತಿಂಗಳಿಗೆ ನೂರು ರೂಪಾಯಿಯಿಂದ ಶುರು ಮಾಡಬಹುದು, ಸಾವಿರಾನೇ ಆಗಬೇಕಂತ ಏನಿಲ್ಲ. ಇನ್ನೊಂದು, ಮೂರು ವರ್ಷದ ಒಳಗ ಅದನ್ನ ಮುರಿಯಾಕ ಬರಂಗಿಲ್ಲ. ಮಂದಿ ಇದನ್ನ ತೊಂದ್ರಿ ಅಂತಾರ. ನನಗ ಅದೇ ಅದರ ದೊಡ್ಡ ಗುಣ. "ಸ್ವಲ್ಪ ಕೊಡು, ಬೆಳಿ ಬಂದ ಮ್ಯಾಲೆ ಕೊಡ್ತೀನಿ" ಅಂದ್ರ, ಕೊಡಾಕ ಬರಂಗಿಲ್ಲರೀ ಅಂತ ನಗ್ತಾ ಹೇಳಬಹುದು. ಜಗಳ ಇಲ್ಲ.

ಈ ಎರಡೂ ಖಾತೆ ನನ್ನ ಹೆಸರಿನ್ಯಾಗ. ಪಾಸ್‌ಬುಕ್ ಎಲ್ಲಿ ಐತಿ ಅಂತ ಮನಿಯವರಿಗೂ ಗೊತ್ತು, ಮಗನಿಗೂ ಗೊತ್ತು. ಮುಚ್ಚಿಟ್ಟಿಲ್ಲ. ಮುಚ್ಚಿಟ್ಟ ರೊಕ್ಕ ಹೊರಗ ಬಂದ ದಿನ ನಾವೇ ಕಳ್ಳರಂಗ ತಲಿ ತಗ್ಗಿಸಿ ನಿಲ್ಲಬೇಕಾಗ್ತೈತಿ, ನಮ್ಮ ಅತ್ತಿ ನಿಂತಂಗ.

ಇವೆರಡಕ್ಕಿಂತ ಮೊದಲು ಇರಬೇಕಾಗಿದ್ದು ಆಪತ್ತಿನ ಗಂಟು. ಅದು ಬ್ಯಾರೆ. ಆಸ್ಪತ್ರಿ, ಬೆಳಿ ಹೋಗೋದು, ದನ ಸಾಯೋದು ಇವಕ್ಕ ಮನಿ ಮಂದಿ ಎಲ್ಲಾ ಸೇರಿ ಕೂಡಿಸಬೇಕು. ನಮ್ಮಲ್ಲಿ ಆಗೋ ತಪ್ಪು ಏನಂದ್ರ, ಗಂಡಸರು ಉಳಿಸಿದ್ದು ಹೊಲಕ್ಕ, ಗಾಡಿಗೆ. ಹೆಂಗಸರು ಉಳಿಸಿದ್ದು ಆಪತ್ತಿಗೆ. ಹಂಗಾಗಿ ಆಪತ್ತು ಬಂದಾಗೆಲ್ಲಾ ಹೆಂಗಸಿನ ಗಂಟೇ ಬಿಚ್ಚತೈತಿ. ಆಪತ್ತು ಮನಿಯದ್ದಾದ್ರ ಗಂಟೂ ಮನಿಯದ್ದೇ ಆಗಬೇಕು.

ಇದು ಬಾಯಿಮಾತಲ್ಲ, ಪರೀಕ್ಷಿನೂ ಆತು. 2023ರಾಗ ಮಳಿ ಕೈ ಕೊಟ್ಟು ರಾಜ್ಯದ 236 ತಾಲ್ಲೂಕಿನ್ಯಾಗ 223 ಬರಪೀಡಿತ ಅಂತ ಸರ್ಕಾರ ಹೇಳಿತಲ್ಲ, ಆ ವರ್ಷ ನಮ್ಮ ಮೆಕ್ಕಿಜೋಳ ಮೊಣಕಾಲೆತ್ತರಕ್ಕ ಒಣಗಿ ನಿಂತಿತ್ತು. ನನ್ನ ಮೊದಲನೇ ಆರ್‌ಡಿ ಆರು ಸಾವಿರ ಅದೇ ಹೊತ್ತಿಗೆ ಮುಗಿತು. ಮನಿಯವರು, "ಬರಗಾಲದಾಗ ಯಾರಾದ್ರೂ ಟೂರ್ ಹೋಗ್ತಾರೇನು? ಮನ್ಯಾಗ ನಿನಗೇನು ಕಡಿಮಿ ಆಗೈತಿ?" ಅಂದ್ರು. ನಾನು ಸಿಟ್ಟಾಗಲಿಲ್ಲ. ನೋಟ್‌ಬುಕ್ ತಂದು ಮುಂದಿಟ್ಟೆ. ಬೆಳ್ಯಾಗ ಹೋಗಿದ್ದು ಅರವತ್ತು ಸಾವಿರ. ನನ್ನ ಆರು ಸಾವಿರ ಹಾಕಿದ್ರ ಆ ಗುಂಡಿ ತುಂಬತೈತೇನು? ತುಂಬಂಗಿಲ್ಲ. ಗುಂಡಿ ಹಂಗೇ ಇರ್ತೈತಿ, ನನ್ನದೂ ಹೋಗಿರ್ತೈತಿ. ಅವರು ಸ್ವಲ್ಪ ಹೊತ್ತು ನೋಡಿ ಸುಮ್ಮನಾದ್ರು. ಫೆಬ್ರವರಿಯಾಗ ಸಿಗಂದೂರಿಗೆ ಹೋದ್ವಿ. ಇಬ್ಬರಿಗೆ ಎರಡೂವರಿ ಸಾವಿರದ ಒಳಗ ಮುಗಿತು. ಉಳಿದಿದ್ದು ಮತ್ತ ಅದೇ ಖಾತೆಗೆ.

ಅಷ್ಟು ಕಡಿಮಿ ಯಾಕಾತು ಅಂದ್ರ ಬಸ್ಸಿನಿಂದ. 2023ರ ಜೂನ್ 11ರಿಂದ ಶಕ್ತಿ ಯೋಜನಿ ಬಂದು ನಮಗ ಸರ್ಕಾರಿ ಬಸ್ಸು ಬಿಟ್ಟಿ. ಇದನ್ನ ಮಂದಿ ಏನೇನೋ ಆಡಿಕೊಳ್ತಾರ, ಹೆಂಗಸರು ಮನಿ ಬಿಟ್ಟು ತಿರುಗಾಕ ಹತ್ಯಾರ ಅಂತ. ತಿರುಗಲಿ ಬಿಡ್ರಿ. ಆದ್ರ ಎಲ್ಲಿ ನಡಿತೈತಿ ಎಲ್ಲಿ ನಡಿಯಂಗಿಲ್ಲ ಅಂತ ತಿಳಕೊಂಡು ಹೊರಡ್ರಿ. ರಾಜಹಂಸ, ಎ.ಸಿ., ಸ್ಲೀಪರ್ ಬಸ್ಸಿಗೆ ಇಲ್ಲ. ರಾಜ್ಯದ ಗಡಿ ದಾಟೋ ಬಸ್ಸಿಗೆ ಇಲ್ಲ. ಕರಾವಳಿ ಕಡಿಗೆ, ಸಾಗರದ ಆಚಿಗೆ ಖಾಸಗಿ ಬಸ್ಸೇ ಹೆಚ್ಚು, ಅಲ್ಲಿ ಟಿಕೀಟು ತಗೋಬೇಕು. ರೈಲಿನ್ಯಾಗ ಮೊದಲು 58 ದಾಟಿದ ಹೆಂಗಸರಿಗೆ ಅರ್ಧ ಟಿಕೀಟು ಇತ್ತು, 2020ರ ಮಾರ್ಚಿನಿಂದ ಅದು ನಿಂತೈತಿ. ಕೆಳಗಿನ ಬರ್ತ್ ಮಾತ್ರ 45 ದಾಟಿದ ಹೆಂಗಸರಿಗೆ ಮೀಸಲು ಐತಿ, ಬುಕ್ ಮಾಡುವಾಗ ಮರೀದಂಗ ವಯಸ್ಸು ಸರಿ ಹಾಕಿಸ್ರಿ.

ಇನ್ನ ಗೃಹಲಕ್ಷ್ಮಿ ಎರಡು ಸಾವಿರ. ಅದನ್ನೇ ಆರ್‌ಡಿಗೆ ಹಾಕಿದ್ರಾತಲ್ಲ ಅಂತೀರಿ. ಬಂದಾಗ ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ತಿಂಗಳ ಕಂತು ಅದರ ಮ್ಯಾಲೇ ನಿಲ್ಲಿಸಬ್ಯಾಡ್ರಿ. ಸರ್ಕಾರದ ಯೋಜನಿ ಇವತ್ತು ಇರ್ತೈತಿ, ನಾಳೆ ಬದಲಾಗ್ತೈತಿ. ನಮ್ಮ ಮನಿ ಖರ್ಚಿನ್ಯಾಗಿಂದ ತೆಗೆದ ಐನೂರು ನಮ್ಮ ಕೈಯಾಗಿನ ಮಾತು.

ಸಾಲ ಮಾಡಿ ತಿರುಗೋದು ಮಾತ್ರ ಬ್ಯಾಡ. ಇದನ್ನ ಎಷ್ಟು ಸಲ ಹೇಳಿದ್ರೂ ಸಾಲದು. ವಾರದ ಸಾಲ, ಕಿರು ಸಾಲದವರು ಬಾಗಿಲಿಗೆ ಬಂದು ಕುಂತು ಹೆಂಗಸರನ್ನ ಹೆಂಗ ಹಣ್ಣು ಮಾಡಿದ್ರು ಅಂತ ನೋಡೀವಿ. 2025ರ ಫೆಬ್ರವರಿಯಾಗ ಸರ್ಕಾರ ಸುಗ್ರೀವಾಜ್ಞೆ ತರೋ ಮಟಕ್ಕ ಹೋತು ಅದು. ಅಂಥಾ ಸಾಲ ಇದ್ದವರು ಮೊದಲು ಅದನ್ನ ತೀರಸ್ರಿ, ಹಡಗು ಎಲ್ಲಿಗೂ ಓಡಿ ಹೋಗಂಗಿಲ್ಲ. "ಈಗ ಹೋಗಿ ಬರ್ರಿ, ಆಮ್ಯಾಲೆ ಕಂತು ಕಟ್ರಿ" ಅನ್ನೋ ಜಾಹೀರಾತು ನೋಡಿದ್ರ ಫೋನ್ ಕೆಳಗ ಇಡ್ರಿ. ಮೊದಲು ಕಂತು, ಆಮ್ಯಾಲೆ ಪ್ರಯಾಣ. ಆ ಕ್ರಮ ಬದಲಾಗಬಾರದು.

ಈಗ ಹಡಗಿನ ವಿಷಯ, ಅದನ್ನೂ ಪೂರ್ತಿ ಹೇಳಿಬಿಡ್ತೀನಿ. ಮುಂಬೈಯಿಂದ ಕಾರ್ಡೀಲಿಯಾ ಅನ್ನೋ ಹಡಗು 2021ರ ಸೆಪ್ಟೆಂಬರಿನಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡಿಗೆ ಓಡಾಡತೈತಿ. ನಮ್ಮ ದೇಶದ ಒಳಗಿನ ಪ್ರಯಾಣಕ್ಕ ಪಾಸ್‌ಪೋರ್ಟ್ ಬ್ಯಾಡ, ಆಧಾರ್ ಸಾಕು. ಕೋಣಿ ಬಾಡಿಗಿಯೊಳಗ ಊಟ, ತಿಂಡಿ, ಆಟ ನೋಡೋದು ಸೇರಿರ್ತೈತಿ. ಒಳಗಿನ ಕೋಣಿ ಅಂದ್ರ ಕಿಟಕಿ ಇಲ್ಲದ್ದು, ಅಗ್ಗ. ಸಮುದ್ರ ಕಾಣೋ ಕೋಣಿ, ಬಾಲ್ಕನಿ ಕೋಣಿ ತುಟ್ಟಿ. ನಮ್ಮಕ್ಕನ ಮಗಳು ಒಳಗಿನ ಕೋಣಿ ತಗೊಂಡು, ಮಲಗಾಕ ಅಷ್ಟ ಒಳಗ ಹೋಗಿ, ಉಳಿದ ಹೊತ್ತೆಲ್ಲಾ ಮ್ಯಾಲೇ ಕಳದಾಳ. ಬುದ್ಧಿವಂತಿ. ತೆರಿಗಿ, ಬಂದರಿನ ಶುಲ್ಕ ಕೊನಿಗೆ ಸೇರಸ್ತಾರ, ಮೊದಲು ಕಾಣೋ ರೇಟು ನೋಡಿ ಮೋಸ ಹೋಗಬ್ಯಾಡ್ರಿ. ಒಳಗ ಕುಡಿಯೋದು, ಇಂಟರ್ನೆಟ್, ಅಂಗಡಿ ಸಾಮಾನು ಬ್ಯಾರೆ ರೊಕ್ಕ. ಹಬ್ಬ, ಡಿಸೆಂಬರ್ ಕೊನಿ ಇವೆಲ್ಲಾ ತುಟ್ಟಿ ದಿನ. ದಾವಣಗೆರಿ ಇಲ್ಲಾ ಹುಬ್ಬಳ್ಳಿಯಿಂದ ಮುಂಬೈಗೆ ರೈಲು ಐತಿ. ಹಡಗಿನ ದಿನಕ್ಕಿಂತ ಒಂದು ದಿನ ಮೊದಲೇ ಮುಟ್ಟಬೇಕು, ರೈಲು ತಡಾ ಆದ್ರ ಹಡಗು ಕಾಯಂಗಿಲ್ಲ. ಆ ಒಂದು ರಾತ್ರಿ ಖರ್ಚೂ ಲೆಕ್ಕಕ್ಕ ಹಿಡೀಬೇಕು.

ವರ್ಷಾ ವರ್ಷಾ ಹಡಗು ಹತ್ತಬೇಕು ಅಂತ ನಾ ಹೇಳಂಗಿಲ್ಲ. ನಮ್ಮ 1,500ಕ್ಕ ಅದು ಆಗಂಗಿಲ್ಲ, ಸುಳ್ಳು ಯಾಕ. 2023ರ ಜನವರಿಯಾಗ ಕಾಶಿಯಿಂದ ದಿಬ್ರುಗಢಕ್ಕ 51 ದಿನದ ಗಂಗಾ ವಿಲಾಸ್ ಹಡಗು ಹೊಂಟಿತಲ್ಲ, ಅಂಥವು ನಮಗಲ್ಲ. ಪಕ್ಕದ ಮನಿ ಅಕ್ಕ ಹೇಳಿದಂಗ ಅದು ರೊಕ್ಕ ಇದ್ದೋರ ಆಟವೇ. ಆದ್ರ ವರ್ಷಕ್ಕೊಂದು ದೋಣಿ, ಐದು ವರ್ಷಕ್ಕೊಂದು ಹಡಗು, ಇದು ನಮ್ಮ ಲೆಕ್ಕದ ಒಳಗೇ ಐತಿ. ದೊಡ್ಡದು ಒಂದೇ ಸಲ ಅನ್ಕೊಂಡು ಕುಂತ್ರ ಅದೂ ಇಲ್ಲ ಇದೂ ಇಲ್ಲ. ಸಣ್ಣದನ್ನ ತಪ್ಪದಂಗ ಮಾಡಿದ್ರ ಮನಿ ಮಂದಿಗೆ ರೂಢಿ ಆಗ್ತೈತಿ. ಫೆಬ್ರವರಿ ಬಂತು, ಅವ್ವ ಹೊರಡ್ತಾಳ ಅಂತ ಹುಡುಗರೇ ಅಡಿಗಿ ಕಲಿತಾರ. ನಮ್ಮ ಮನ್ಯಾಗ ಮಗ ಅನ್ನ ಸಾರು ಕಲಿತಿದ್ದು ಹಂಗ.

ಹಾಸಿಗಿ ಇದ್ದಷ್ಟು ಕಾಲು ಚಾಚು ಅನ್ನೋ ಗಾದಿ ಯಾರಾದ್ರೂ ತೆಗೀತಾರ. ಸರಿ. ಆದ್ರ ಆ ಹಾಸಿಗಿ ನೇಯೋದ್ರಾಗ ನಮ್ಮ ನೂಲೂ ಐತಿ. ಒಂದು ಮೂಲಿಯಾದ್ರೂ ನಮ್ಮ ಕಾಲಿಗೆ ಬೇಕು.

ತಡಾ ಮಾಡಬಾರದು ಅನ್ನಾಕ ಇನ್ನೊಂದು ಕಾರಣ ಐತಿ. ಸಿಗಂದೂರಿಗೆ ನಮ್ಮ ಜೊತಿ ಬರಬೇಕಿದ್ದ ಒಬ್ಬಾಕಿ "ಮುಂದಿನ ವರ್ಷ ಬರ್ತೀನಿ, ಲಾಂಚ್ ಹತ್ತಬೇಕು ನಾನೂ" ಅಂದಿದ್ಲು. 2025ರ ಜುಲೈ 14ಕ್ಕ ಅಲ್ಲಿ ಸೇತುವೆ ಉದ್ಘಾಟನೆ ಆತು. ಆ ದ್ವೀಪದ ಮಂದಿಗೆ ಒಳ್ಳೇದೇ ಆತು, ಎಷ್ಟು ವರ್ಷ ರಾತ್ರಿ ಹೊತ್ತು ಬಾಣಂತಿ, ರೋಗಿ ಇಟ್ಕೊಂಡು ಒದ್ದಾಡ್ಯಾರ ಅವರು. ಈಗ ಬಸ್ಸು ನೀರಿನ ಮ್ಯಾಲಿಂದ ಸೀದಾ ಹೋಗ್ತೈತಿ. ನಮ್ಮಾಕಿ ಹೋದ್ರ ಕಿಟಕ್ಯಾಗ ನೀರು ನೋಡ್ಯಾಳ, ಬಸ್ಸು ಸಮೇತ ತೇಲಿ ಹೋಗಿದ್ದು ಆಕಿಗೆ ಸಿಗಲಿಲ್ಲ. ಮುಂದಿನ ವರ್ಷ ಅನ್ನೋದು ನಮ್ಮ ಸಲುವಾಗಿ ನಿಂತಿರಂಗಿಲ್ಲ. ನಮ್ಮ ಕಾಲೂ ನಿಂತಿರಂಗಿಲ್ಲ.

ಈ ವರ್ಷ ಫೆಬ್ರವರಿಯಾಗ ನಮ್ಮ ಅತ್ತಿಗೆ ಕಣ್ಣಿನ ಆಪರೇಷನ್ ಆತು. ಎಲ್ಲಿಗೂ ಹೋಗಲಿಲ್ಲ. ಆಪರೇಷನ್ ಖರ್ಚು ಆಪತ್ತಿನ ಗಂಟಿನ್ಯಾಗಿಂದ ಹೋತು, "ವರ್ಷದ ನೀರು" ಹಂಗೇ ಐತಿ. ಈಗ ಅವರಿಗೆ 74. ನನ್ನ "ಹಡಗು" ಖಾತೆ ಮುಗಿಯೋದು 2029ರ ಜನವರಿಗೆ. ಅವತ್ತಿಗೆ ಅವರಿಗೆ 78 ಆಗಿರ್ತೈತಿ. ನಾನು ಲೆಕ್ಕ ಹಾಕಿದ್ದನ್ನ ಅವರೂ ಹಾಕಿದ್ರು ಅನಸ್ತೈತಿ. ಸೋಮವಾರ ಎಲ್ಲಾರೂ ಎದ್ದು ಹೋದ ಮ್ಯಾಲೆ, "ಹಡಗು ನಿನಗಿರಲಿ. ನನಗ ದಂಡಿ ಸಾಕು" ಅಂದ್ರು.

ಅದಕ್ಕ ತೀರ್ಮಾನ ಮಾಡೀವಿ. ದೀಪಾವಳಿ ಮುಗಿದ ಮ್ಯಾಲೆ ಮಲ್ಪೆಗೆ ಹೊಂಟೀವಿ. ಹರಿಹರ, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬಿ ಘಾಟಿ ಇಳಿದು ಉಡುಪಿ. ಮಳಿಗಾಲದಾಗ ಅಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕ ದೋಣಿ ಬಿಡಂಗಿಲ್ಲ, ಅದಕ್ಕ ದೀಪಾವಳಿ ಆದ ಮ್ಯಾಲೆ. ಕಾಲು ಗಟ್ಟಿ ಇದ್ದವರು ದೋಣಿ ಹತ್ತಿ ದ್ವೀಪಕ್ಕ ಹೋಗಿ ಬರೋದು. ಅತ್ತಿ ಮತ್ತ ನಾನು ದಂಡಿ ಮ್ಯಾಲೆ ಕುಂದರೋದು. ಎರಡು ರಾತ್ರಿ. ಒಬ್ಬರಿಗೆ ಮೂರು ಸಾವಿರ ಹಿಡೀರಿ, ಖಾಸಗಿ ಬಸ್ಸು, ರೂಮು, ದೋಣಿ ಎಲ್ಲಾ ಸೇರಿ. ಬುತ್ತಿ ಕಟ್ಕೊಂಡು ಹೋಗೋಣ, ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ನನ್ನದು.

ಬರೋರು ಹದಿನೈದು ದಿನದ ಒಳಗ ಹೇಳ್ರಿ. ಈ ಸಲ ಆಗದಿದ್ದವರು ಬ್ಯಾಸರ ಮಾಡ್ಕೋಬ್ಯಾಡ್ರಿ. ಬರೋ ಒಂದನೇ ತಾರೀಖು ಪೋಸ್ಟ್ ಆಫೀಸಿಗೆ ಹೋಗಿ ನೂರು ರೂಪಾಯಿಂದಾದ್ರೂ ಒಂದು ಖಾತೆ ತೆಗೀರಿ. ರಾತ್ರಿ ಊಟಕ್ಕ ಕುಂತಾಗ ಎಲ್ಲಾರ ಮುಂದ ಅದರ ಹೆಸರು ಹೇಳ್ರಿ. ನಗ್ತಾರ, ನಗಲಿ. ನಕ್ಕ ಮ್ಯಾಲೂ ಹೆಸರು ನೆನಪಿರ್ತೈತಿ.